ಚಿಗವ್ವನ ಬರಿಹಣೆ

ನನ್ನ ಮೊಮ್ಮಗಳು ಶಿಲ್ಪಾಳ ಮದುವೆ ಗಟ್ಟಿಯಾಯಿತು, ಅದೂ ಇವತ್ತು ಮಧ್ಯಾಹ್ನ, ರಾಣೆಬೆನ್ನೂರಿನ ಹಳೆಯ ಇಗರ್ಜಿಯ ರಂಗದ ಮೇಲೆ. ಸಿಕ್ಕವರಿಗೆಲ್ಲ ಹೇಳಿದ್ದೇನೆ, ಆಟೋದವನಿಗೂ ಹೇಳಿದೆ, ನಿಮಗೂ ಹೇಳುತ್ತೇನೆ.

ಒಳಗೆ ಕಾಲಿಟ್ಟಾಗ ಹಸಿ ಸುಣ್ಣದ, ಸಾಗವಾನಿ ಬೆಂಚಿನ ವಾಸನೆ ಬಂತು. ನಾನು ಮತ್ತೆ ಲಂಗದ ಹುಡುಗಿಯಾದೆ. ಪ್ರಾರ್ಥನೆ ಹೊಸ ಚರ್ಚಿಗೆ ಹೋದ ಮೇಲೆ ನಮ್ಮ ಓಣಿಯವರು ಈ ಕಲ್ಲಿನ ಕಟ್ಟಡ ಕೇಳಿ ಪಡೆದು, ಪಾದ್ರಿ ನಿಲ್ಲುತ್ತಿದ್ದ ಕಟ್ಟೆಗೆ ಪರದೆ ಕಟ್ಟಿ ನಾಟಕ ಆಡುತ್ತಿದ್ದರು. ಅವ್ವನ ತಂಗಿ ಗಂಗಾ ಚಿಗವ್ವ ರೊಟ್ಟಿ ಬಡಿಯುತ್ತಲೇ ಮಾತು ಬಾಯಿಪಾಠ ಮಾಡುವಳು. ಹಂಚಿನ ಮೇಲೆ ರೊಟ್ಟಿ ಕಪ್ಪಾದರೆ, "ರಾಣಿ ಮಾಡಿದ ರೊಟ್ಟಿ ಹಿಂಗ ಇರತೈತಿ, ಸುಮ್ನ ತಿನ್ನು" ಎನ್ನುವಳು. ಅವಳ ಮದುವೆಯ ಮಾತಾಗಿದ್ದ ವರ್ಷವೇ ಅವಳಿಗೆ ವಿಧವೆಯ ಪಾತ್ರ ಬಂತು. ರಂಗದ ಮೇಲೆ ಕುಂಕುಮ ಒರೆಸಿಕೊಂಡದ್ದೇ ತಡ, ಮುಂದಿನ ಬೆಂಚಿನಿಂದ ಗಂಡಿನ ಕಡೆಯವರು ಎದ್ದು ನಡೆದರು. ಮದುವೆಯಾಗುವ ಹುಡುಗಿ ಬರಿಹಣೆಯಲ್ಲಿ ಕಂಡದ್ದು ಅಪಶಕುನವಂತೆ. ಚಿಗವ್ವ ಒಂದು ಮಾತೂ ತಪ್ಪದೆ ಆಟ ಮುಗಿಸಿದಳು. ಮತ್ತೆ ಯಾರೂ ಅವಳನ್ನು ಕೇಳಿಕೊಂಡು ಬರಲಿಲ್ಲ. ಅವಳೂ ರಂಗ ಹತ್ತಲಿಲ್ಲ. ಈಗ ಅವಳಿಲ್ಲ, ಆ ಮನೆಯೂ ಇಲ್ಲ.

ಇವತ್ತಿನ ನಾಟಕದಲ್ಲಿ ಶಿಲ್ಪಾಳಿಗೂ ವಿಧವೆಯ ಪಾತ್ರವೇ ಎಂದು ಮೊದಲೇ ತಿಳಿದಿತ್ತು. ಬೇಡವೆಂದೆ. "ಕುಂಕುಮ ಒರಿಸಿದ್ದಕ್ಕ ಅಂಜುವಂಥ ಮನಿಗೆ ನಾ ಯಾಕ ಸೊಸಿ ಆಗ್ಲಿ, ಅಜ್ಜಿ?" ಎಂದಳು. ಕರ್ಜಗಿಯಿಂದ, ಅವಳಿಗೆ ನೋಡಿದ್ದ ಹುಡುಗನ ತಾಯಿ ಶಾಂತವ್ವ ಬಂದು ನನ್ನ ಪಕ್ಕದಲ್ಲೇ ಕುಳಿತರು. ಶಿಲ್ಪಾ ಹಣೆ ಒರೆಸಿಕೊಂಡಳು. ಶಾಂತವ್ವ ಎದ್ದರು. ಸೆರಗು ಹಿಡಿಯಲು ಕೈ ಚಾಚಿದೆ, ಸಿಗಲಿಲ್ಲ. ಬಾಗಿಲು ದಾಟಿ ಹೋಗಿಯೇಬಿಟ್ಟರು. ಉಳಿದ ನಾಟಕ ನನ್ನ ಕಣ್ಣಿಗೆ ಕಾಣಲಿಲ್ಲ.

ಆಟ ಮುಗಿದು ಎಲ್ಲರೂ ಕೈಮುಗಿದು ನಿಂತಾಗ ಶಾಂತವ್ವ ಏದುಸಿರು ಬಿಡುತ್ತ ಮರಳಿದರು. ಕೈಯಲ್ಲಿ ತೆಂಗಿನಕಾಯಿ, ಅಕ್ಕಿ, ಕುಪ್ಪಸದ ಖಣ.

"ಎಲ್ಲಿ ಹೋಗಿದ್ರಿ?" ಎಂದೆ.

"ಅಂಗಡಿಗ್ರಿ. ಸೊಸಿ ಇಷ್ಟು ಚಂದ ಅಳೂ ಹೊತ್ತಿನ್ಯಾಗ ಬರಿಗೈಲೆ ಕುಂದ್ರಾಕ ಆಗಲಿಲ್ಲ."

ರಂಗವೇರಿ, ಬಿಳಿಸೀರೆಯಲ್ಲಿದ್ದ ಹುಡುಗಿಯ ಹಣೆಗೆ ಕುಂಕುಮ ಹಚ್ಚಿ ಉಡಿ ತುಂಬಿದರು.

ಸಂಜೆ ಎರಡೂ ಮನೆಯವರು ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತೆವು. "ಅವ್ವಾ, ಇವತ್ತ ಖರೇ ಪಾರ್ಟ್ ಮಾಡಿದಾಕಿ ನೀನ, ನಿನ್ನ ಮಾರಿ ನೋಡಬೇಕಿತ್ತು" ಎಂದು ನನ್ನ ಮಗ ನನ್ನನ್ನು ಕಾಡಿದ. ಶಾಂತವ್ವ ನಗಲಿಲ್ಲ. "ನನ್ನ ಸೆರಗಿಗೆ ಯಾಕ ಕೈ ಚಾಚಿದ್ರಿ?" ಎಂದು ಮೆಲ್ಲಗೆ ಕೇಳಿದರು. ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಚಿಗವ್ವನ ಹೆಸರು ಎಂದೂ ತೆಗೆದದ್ದಿಲ್ಲ. ಇವತ್ತು ತೆಗೆದೆ. ನಾನು ಹೇಳುತ್ತ ಹೋದಂತೆ ಎಲ್ಲರ ಎಂಜಲಗೈ ಒಣಗಿತು. ಯಾರೂ ಎದ್ದು ಹೋಗಲಿಲ್ಲ.