ಕೋವಿ ಇರುವ ಮನೆಯ ಭಜನೆ

ಶುಕ್ರವಾರದ ಭಜನೆ ನಮ್ಮ ಮನೆಯಲ್ಲಿ ಶುರುವಾದಾಗ ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನಲ್ಲಿ ಊರ ಕಡೆಯ ಕೆಲವು ಮನೆಗಳಿವೆ. ನಮ್ಮ ಹಾಲಿನ ಗೋಡೆಯಾಚೆ ಲಿಫ್ಟು ಮಾತ್ರ, ಹಾಗಾಗಿ ಎಷ್ಟು ಜೋರಾಗಿ ತಾಳ ಬಡಿದರೂ ಯಾರ ನಿದ್ದೆಯೂ ಕೆಡುವುದಿಲ್ಲ. ಮುಂಬೈಯಲ್ಲಿ ಅಂಥ ಗೋಡೆ ಸಿಗುವುದು ದೇವರ ದಯೆ. ಆ ಭಜನೆಯನ್ನು ಹೋದ ವರ್ಷ ನನ್ನ ಮನೆಯಿಂದ ಕೀಳಲು ನೋಡಿದರು. ಕಾರಣ, ಒಂದು ಕೋವಿ.

ಕೋವಿ ಬಂದದ್ದು ಮಗಳಿಂದ. ಕಾಲೇಜಿನಲ್ಲಿ ಏರ್ ರೈಫಲ್ ಹಿಡಿದವಳು ಬಿಡಲಿಲ್ಲ. ನಮ್ಮ ಯಜಮಾನರು, ಹೋಟೆಲಿನ ಗಲ್ಲಾದಲ್ಲಿ ಕೂತು ಕೂತು ಬೆನ್ನು ಬಗ್ಗಿಸಿಕೊಂಡವರು, ಅವಳ ಹಿಂದೆ ಶೂಟಿಂಗ್ ಕ್ಲಬ್ಬಿಗೆ ಹೋದರು. ಆಮೇಲೆ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ವಿದೇಶದ ಯಾವುದೋ ಮನೆಯಲ್ಲಿ ಅಪ್ಪ, ಅಮ್ಮ, ಮಕ್ಕಳು ಊಟದ ಮೇಜಿನ ಸುತ್ತ ಕೂತು, ಹಾರಿಸಿದ ಖಾಲಿ ತೋಟೆಗಳಿಗೆ ಮತ್ತೆ ಮದ್ದು ತುಂಬಿ ಹೊಸ ಗುಂಡು ಕೂರಿಸುತ್ತಿದ್ದರು. ನಾವು ಹಪ್ಪಳ ಲಟ್ಟಿಸುವ ಹಾಗೆ!

"ನಾವೂ ಮಾಡುವನಾ?" ಅಂದರು.

"ಮದ್ದು ಮನೆಯೊಳಗೆ ತಂದರೆ ಪೊಲೀಸರು ಬರುವ ಮೊದಲು ನಾನೇ ನಿಮ್ಮನ್ನು ಹೊರಗೆ ಹಾಕುತ್ತೇನೆ. ಗ್ಯಾಸ್ ಸಿಲಿಂಡರಿನ ಹೆದರಿಕೆಯೇ ನನಗೆ ಸಾಕು" ಅಂದೆ.

ಆದರೆ ಒಟ್ಟಿಗೆ ಕೂತು ಮಾಡುವ ಕೆಲಸದ ಆಸೆ ನನಗೂ ಹತ್ತಿತು. ಏರ್ ರೈಫಲಿಗೆ ಮದ್ದಿಲ್ಲ, ಗಾಳಿಯ ಬಲದಿಂದ ಸೀಸದ ಪುಟ್ಟ ಗುಂಡು ಹೋಗಿ ಕಾಗದಕ್ಕೆ ತೂತು ಮಾಡುತ್ತದೆ. ಆ ಗುಂಡಿಗೆ ನಡು ಸಣ್ಣ, ಕೆಳಗೆ ಲಂಗದ ಹಾಗೆ ಅಗಲ. ಲಂಗ ನೆಗ್ಗಿದ್ದರೆ ಗುರಿ ತಪ್ಪುತ್ತದೆ, ತೂಕ ಹೆಚ್ಚುಕಮ್ಮಿ ಇದ್ದರೂ ತಪ್ಪುತ್ತದೆ. ಹಾಗಾಗಿ ಒಂದೊಂದನ್ನೂ ನೋಡಿ, ತೂಗಿ, ಬೇರೆ ಮಾಡಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿ ಬೆಳೆದವಳಿಗೆ ಇದನ್ನು ಯಾರು ಕಲಿಸಬೇಕು? ಪ್ರತಿ ಭಾನುವಾರ ಮಧ್ಯಾಹ್ನ ಹಾಲಿನಲ್ಲಿ ಪೇಪರ್ ಹಾಸಿ ಮೂವರೂ ಕೂತೆವು. ಮಗಳು ಫೋನು ಬಿಟ್ಟು ನನ್ನೊಡನೆ ಮಾತಾಡಿದಳು. ಅದನ್ನೂ ದೇವರ ದಯೆಗೇ ಸೇರಿಸಿಕೊಂಡೆ.

ಮೊದಲಿಗೇ ಒಂದು ಪೆದ್ದುತನ ಮಾಡಿದೆ. ಗುಂಡಿಗೆ ತುಸು ಎಣ್ಣೆ ಸವರಿದರೆ ಒಳ್ಳೆಯದು ಎಂದು ಯಾರೋ ಹೇಳಿದ್ದನ್ನು ಕೇಳಿ ತೆಂಗಿನೆಣ್ಣೆ ಸವರಿದೆ. ನಮ್ಮ ಊರ ಕಡೆಯವರಿಗೆ ತಲೆನೋವಿಗೂ ಬಾಗಿಲ ಕೀಲಿಗೂ ಅದೇ ತಾನೇ! ಕ್ಲಬ್ಬಿನ ಎಸಿಯ ಚಳಿಗೆ ಅದು ಬೆಳ್ಳಗೆ ಹೆಪ್ಪುಗಟ್ಟಿತು. ಕಲಿಸುವ ಮೇಷ್ಟ್ರು ಡಬ್ಬಿ ಮೂಸಿ ನೋಡಿ, "ಮಾತಾಜಿ, ಯೇ ಗೋಲಿ ಹೈ ಯಾ ಲಡ್ಡು?" ಅಂದರು, ಇದು ಗುಂಡೋ ಲಡ್ಡೋ ಎಂದು. ನಕ್ಕವರೇ ಆಮೇಲೆ ನನ್ನ ಕೈಗೂ ರೈಫಲು ಕೊಟ್ಟರು. ಉಸಿರು ಬಿಟ್ಟು, ನಿಲ್ಲಿಸಿ, ಕೋವಿಯ ಕುದುರೆ ಒತ್ತಿದೆ. ಕಾಗದದ ಕಪ್ಪಿನೊಳಗೇ ಬಿತ್ತು. ಆವತ್ತಿನಿಂದ ನಾನೂ ಹೊಡೆಯುತ್ತೇನೆ.

ಉದ್ದದ ಕರಿ ಚೀಲ ಲಿಫ್ಟಿನಲ್ಲಿ ಕಂಡ ಮೇಲೆ ಬಿಲ್ಡಿಂಗಿಗೆ ಗೊತ್ತಾಗದೆ ಇರುತ್ತದೆಯೇ? ಮೂರನೇ ಮಾಳಿಗೆಯ ಅಕ್ಕ ನಮ್ಮ ಭಜನೆಗೆ ಹಿರಿಯರು, ಶ್ರುತಿ ಹಿಡಿಯುವವರು. ಒಂದು ಶುಕ್ರವಾರ ಮಂಗಳಾರತಿ ಮುಗಿದದ್ದೇ ಎಲ್ಲರೆದುರು ಅಂದರು:

"ಕೋವಿ ಇಟ್ಟ ಮನೆಯಲ್ಲಿ ದೇವರನ್ನು ಕೂರಿಸುವುದು ನನಗೆ ಸರಿ ಕಾಣುವುದಿಲ್ಲ ಮಾರಾಯ್ತಿ."

"ಅಂಗಡಿಯ ಬಿಲ್ಲು ಉಂಟಕ್ಕ, ಇದಕ್ಕೆ ಲೈಸೆನ್ಸ್ ಬೇಡ ಎಂದು ಕೇಳಿಕೊಂಡೇ ತಂದದ್ದು. ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೇವೆ."

"ಲೈಸೆನ್ಸಿನ ಮಾತಲ್ಲ. ಗಂಡಸರು ಏನಾದರೂ ಮಾಡಲಿ. ನೀನು, ಮನೆಯ ಹೆಂಗಸು, ಸೀಸ ಮುಟ್ಟಿದ ಕೈಯಲ್ಲಿ ನೈವೇದ್ಯ ಮಾಡುತ್ತೀ. ಕೋವಿ ಹೋಗಲಿ, ಇಲ್ಲ ಭಜನೆ ಹೋಗಲಿ."

ನನಗೆ ಉರಿಯಿತು. ಮುಸುರೆ ಎಂದರೇನು ಎಂದು ನನಗೆ ಕಲಿಸುವುದೇ? ಅನ್ನ ಮುಟ್ಟಿದ ಕೈಯಲ್ಲಿ ಮೊಸರು ಮುಟ್ಟದೆ ಬೆಳೆದವಳು ನಾನು. ಸೀಸ ವಿಷ ಎಂದು ಮೇಷ್ಟ್ರು ಹೇಳಿದ ದಿನವೇ ಅದಕ್ಕೆ ಬೇರೆ ತಟ್ಟೆ, ಬೇರೆ ಬಟ್ಟೆ ಮಾಡಿದ್ದೆ. ಆ ತಟ್ಟೆ ಅಡುಗೆಮನೆಯ ಹೊಸಿಲು ದಾಟುವುದಿಲ್ಲ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಇವರಿಗೆ ಒಂದು ಲೋಟ ನೀರೂ ಇಲ್ಲ. ದೇವಿಯ ಕೈಯಲ್ಲಿ ಆಯುಧ ಇಲ್ಲವೇ ಎಂದು ಮಗಳು ಪಿಸುಗುಟ್ಟಿದಳು. ನಾನು ಆ ಮಾತು ಎತ್ತಲಿಲ್ಲ. ದೇವಿ ಹೊಡೆದದ್ದು ರಾಕ್ಷಸನಿಗೆ, ನಾನು ಹೊಡೆಯುವುದು ಕಾಗದಕ್ಕೆ. ದೊಡ್ಡವರ ಹೆಸರು ಹೇಳಿ ತಪ್ಪಿಸಿಕೊಳ್ಳುವುದು ಯಾಕೆ?

"ಎರಡೂ ಇಲ್ಲೇ ಇರುತ್ತದೆ ಅಕ್ಕ. ಬರುವ ಶುಕ್ರವಾರ ಎಂದಿನ ಹೊತ್ತಿಗೇ ದೀಪ ಹಚ್ಚುತ್ತೇನೆ" ಅಂದೆ.

ಹಚ್ಚಿದೆ. ಎಲ್ಲರಿಗೂ ಆಗುವಷ್ಟು ಪಂಚಕಜ್ಜಾಯ ಕಲಸಿ, ಚಾಪೆ ಹಾಸಿ ಕಾದೆ. ಒಬ್ಬರೂ ಬರಲಿಲ್ಲ. ಇವರಿಗೆ ಶ್ರುತಿ ಇಲ್ಲ, ಮಗಳಿಗೆ ಸಾಹಿತ್ಯ ಬಾಯಿಗೆ ಬರುವುದಿಲ್ಲ. ಬಾಗಿಲು ತೆರೆದೇ ಇಟ್ಟು ಮೂವರೂ ಕೂಗಿ ಹಾಡಿದೆವು. ಮಂಗಳಾರತಿ ಮಾಡಿ, ಪಾತ್ರೆ ಎತ್ತಿಕೊಂಡು ಹೊರಟೆ.

"ಎಲ್ಲಿಗೆ?" ಅಂದರು ಇವರು.

"ಪ್ರಸಾದ ಹಂಚಲು. ಭಜನೆ ಬೇಡ ಅನ್ನಬಹುದು, ಪ್ರಸಾದ ಬೇಡ ಅನ್ನಲಿ ನೋಡುವ."

ಯಾರೂ ಅನ್ನಲಿಲ್ಲ. ಬಾಗಿಲು ತೆರೆದವರು ತಲೆ ತಗ್ಗಿಸಿ ಬಲಗೈ ಚಾಚಿದರು. ಒಬ್ಬಾಕೆ, "ಕಾಲು ನೋವು, ಅದಕ್ಕೇ ಬರಲಿಲ್ಲ" ಅಂದಳು. "ಲಿಫ್ಟಿಗೂ ಕಾಲು ನೋವಾ?" ಎಂದು ಕೇಳಿ ಮುಂದಿನ ಬಾಗಿಲಿಗೆ ಹೋದೆ. ಕೊನೆಗೆ ಅಕ್ಕನ ಬೆಲ್ ಒತ್ತಿದೆ.

ಅವರು ಕೈ ಚಾಚಲಿಲ್ಲ. "ಕೈ ತೊಳೆದಿದ್ದೀಯಾ?"

"ಸೋಪು ಹಾಕಿ ತೊಳೆದಿದ್ದೇನೆ. ನೀವು? ಈಗಷ್ಟೇ ಫೋನು ಹಿಡಿದ ಕೈ ಅಲ್ವಾ ಅಕ್ಕ ಅದು?"

ಒಳಗಿಂದ ಅವರ ಯಜಮಾನರ ದನಿ ಬಂತು: "ತಕ್ಕೊಳ್ಳೇ! ಪ್ರಸಾದವನ್ನು ಬಾಗಿಲಲ್ಲಿ ಕಾಯಿಸುತ್ತಾರಾ? ನನಗೂ ಸ್ವಲ್ಪ ಜಾಸ್ತಿ ಹಾಕಿಸು."

ಅಕ್ಕ ಒಳಗೆ ಹೋಗಿ ಕೈ ತೊಳೆದು ಬಂದು ತೆಗೆದುಕೊಂಡರು. ಕಣ್ಣಿಗೂ ಒತ್ತಿಕೊಂಡರು. ನನ್ನ ಮುಖ ಮಾತ್ರ ನೋಡಲಿಲ್ಲ.

ಮುಂದಿನ ವಾರ ಅವರು ತಮ್ಮ ಮನೆಯಲ್ಲೇ ಭಜನೆ ಶುರುಮಾಡಿದರು, ಅದೇ ಶುಕ್ರವಾರ, ಅದೇ ಹೊತ್ತಿಗೆ. ಅರ್ಧ ಜನ ಅಲ್ಲಿಗೆ ಹೋದರು, ಅರ್ಧ ಜನ ನಾಚಿಕೊಂಡು ನನ್ನಲ್ಲಿಗೆ ಬಂದರು. ನಾನು ಜಗಳ ಮಾಡಲಿಲ್ಲ, ನನ್ನ ಭಜನೆಯನ್ನು ಒಂದು ಗಂಟೆ ಮೊದಲೇ ಶುರುಮಾಡಿದೆ. ಈಗ ನಮ್ಮಲ್ಲಿ ಮಂಗಳಾರತಿ ಆದ ಕೂಡಲೇ ತಾಳ ಹಿಡಿದುಕೊಂಡು ಎಲ್ಲರೂ ಮೂರನೇ ಮಾಳಿಗೆಗೆ ಹೋಗುತ್ತೇವೆ. ಅಕ್ಕ ಕರೆದಿಲ್ಲ. ಆದರೆ ಭಜನೆಗೆ ಕೂತವರನ್ನು ಎಬ್ಬಿಸುವ ಕ್ರಮ ಯಾವ ಊರಿನಲ್ಲಿ ಉಂಟು? ದೇವರ ಫೋಟೋದ ಎದುರೇ ಕೂತು ಜೋರಾಗಿ ಹಾಡುತ್ತೇನೆ. ಪ್ರಸಾದ ಕೊಡುವಾಗ ನನ್ನ ಸರದಿ ಎಲ್ಲರಿಗಿಂತ ಕೊನೆಗೆ ಬರುತ್ತದೆ. ಬರಲಿ. ಬೆಲ್ಲ, ತುಪ್ಪ ಎಲ್ಲ ಇಳಿದಿರುವುದು ಪಾತ್ರೆಯ ತಳದಲ್ಲೇ.