ಡಾಲಸ್ ಬೆಂಚಿನ ಹುಡುಗಿ

೧೯೭೫ರಲ್ಲಿ ಹ್ಯೂಸ್ಟನ್ನಿನ ಒಂದು ತರಕಾರಿ ಅಂಗಡಿಯ ಕಿಟಕಿಯಲ್ಲಿ ‘ಟೊಮೇಟೊ ಅಗ್ಗ’ ಎಂಬ ಬೋರ್ಡು ತೂಗುತ್ತಿತ್ತು. ಅಕ್ಷರದ ಪಕ್ಕದಲ್ಲಿ ಒಂದು ಟೊಮೇಟೊ ಚಿತ್ರ, ಹೊಳಪಿನ ಜಾಗದಲ್ಲಿ ಬಣ್ಣ ಬಿಟ್ಟು ಬರೆದದ್ದು, ಈಗಷ್ಟೇ ತೊಳೆದಿಟ್ಟ ಹಾಗೆ. ಬರೆದವಳು ಸೆತ್ಸುಕೊ. ಒಂದು ಕಾಲಕ್ಕೆ ಜಪಾನಿನ ಊರೂರಿನ ಹೆಣ್ಣುಮಕ್ಕಳು ಇದೇ ಕೈ ಬರೆದ ಚಿತ್ರ ನೋಡಿ ಬಿಕ್ಕಿ ಬಿಕ್ಕಿ ಅತ್ತಿದ್ದರು ಅಂದರೆ ಅಂಗಡಿಯವನು ನಂಬುತ್ತಿದ್ದನೇ? ಬಿಡಿ, ಅವನಿಗೆ ಟೊಮೇಟೊ ಖರ್ಚಾದರೆ ಸಾಕಿತ್ತು.

ಟೋಕಿಯೊದಲ್ಲಿ ಹುಡುಗಿಯರಿಗೆಂದೇ ಚಿತ್ರಕಥೆಯ ಮಾಸಪತ್ರಿಕೆಗಳಿದ್ದವು. ತಮಾಷೆ ನೋಡಿ, ಆಗ ಅವುಗಳಿಗೆ ಬರೆಯುತ್ತಿದ್ದವರು ಹೆಚ್ಚಿನಂಶ ಗಂಡಸರೇ. ಜಡೆ ಹೆಣೆಯುವುದು ಹೇಗೆಂದು ಗೊತ್ತಿಲ್ಲದವರು ಜಡೆ ಬರೆಯುತ್ತಿದ್ದರು! ಅವರ ನಡುವೆ ನುಗ್ಗಿ ಜಾಗ ಮಾಡಿಕೊಂಡವಳು ಸೆತ್ಸುಕೊ. ಅವಳ ಕಥೆಯ ಚಿಯೊ, ತಾಯಿ ಬಿಟ್ಟುಹೋದ ಟ್ರಾಮ್ ನಿಲ್ದಾಣದಲ್ಲಿ ದಿನವೂ ಬಂದು ಕಾಯುವ ಹುಡುಗಿ. ಚಿಯೊಗೆ ಅಮ್ಮ ಸಿಗುತ್ತಾಳಾ ಎಂದು ಓದುಗ ಮಕ್ಕಳು ಕೇಳಿದ್ದೇ ಕೇಳಿದ್ದು. ಸಿಕ್ಕೇ ಸಿಗುತ್ತಾಳೆ, ನಾನಿದ್ದೇನೆ ಎಂದು ಸೆತ್ಸುಕೊ ಪತ್ರಿಕೆಯಲ್ಲೇ ಮಾತು ಕೊಟ್ಟುಬಿಟ್ಟಿದ್ದಳು.

೧೯೬೬ರಲ್ಲಿ ಹಡಗು ಕಂಪನಿಯ ಗುಮಾಸ್ತ ತದಾಶಿಯನ್ನು ಮದುವೆಯಾಗಿ ಹ್ಯೂಸ್ಟನ್ನಿಗೆ ಬಂದಳು. ಪುಟಗಳನ್ನು ವಿಮಾನದ ಅಂಚೆಯಲ್ಲಿ ಕಳಿಸುತ್ತೇನೆಂದು ಸಂಪಾದಕನನ್ನು ಒಪ್ಪಿಸಿಯೇ ಹೊರಟದ್ದು. ಆದರೆ ಹ್ಯೂಸ್ಟನ್ನಿನ ಗಾಳಿ ಇದೆಯಲ್ಲ, ಅದು ಗಾಳಿಯೇ ಅಲ್ಲ, ಬರೀ ಹಬೆ. ಮಸಿ ಒಣಗದು, ಕಾಗದ ಸುರುಳಿ ಸುತ್ತಿಕೊಳ್ಳುತ್ತದೆ. ಬಾಗಿಲು ತೆರೆದಿಟ್ಟು, ಹಪ್ಪಳ ಒಣಹಾಕಿದ ಹಾಗೆ ಪುಟಗಳನ್ನು ನೆಲದ ತುಂಬ ಹರಡಿ ಕೂರುತ್ತಿದ್ದಳು. ಅದನ್ನು ಕಂಡೇ ಪಕ್ಕದ ಅಪಾರ್ಟ್‌ಮೆಂಟಿನ ದಾಕ್ಷಾಯಣಿ ಒಳಗೆ ಬಂದದ್ದು. ಹುಬ್ಬಳ್ಳಿಯವಳು, ಡಾಕ್ಟರ್ ಭೀಮಸೇನನ ಹೆಂಡತಿ. ಗಂಡ ಆಸ್ಪತ್ರೆಗೆ ಹೋದರೆ ಮಾತಿಗೆ ಜನವಿಲ್ಲದೆ ಕಂಗೆಟ್ಟವಳು. ಇಬ್ಬರದೂ ಅರ್ಧಂಬರ್ಧ ಇಂಗ್ಲಿಷು. ಉಳಿದರ್ಧವನ್ನು ದಾಕ್ಷಾಯಣಿ ಕನ್ನಡದಲ್ಲೇ ತುಂಬಿಸಿಬಿಡುತ್ತಿದ್ದಳು.

“ಅಕ್ಕಾರ, ಸುಮ್ಮನ ಕುಂತು ಕುಂತು ಸಾಕಾಗೇತ್ರಿ. ನನಗೂ ಏನಾರ ಕೆಲಸಾ ಕೊಡ್ರಿ.”

ಸೆತ್ಸುಕೊ ಕುಂಚ ಕೊಟ್ಟಳು. ಚಿಯೊಳ ಕೂದಲಿಗೆ ಕಪ್ಪು ತುಂಬುವುದು, ಹೊಳಪಿನ ಗೆರೆಯನ್ನು ಮಾತ್ರ ಬಿಳಿಯಾಗಿ ಬಿಡುವುದು. ಮೊದಲ ದಿನ ಮಹಾತಾಯಿ ಹೊಳಪನ್ನೂ ಮುಚ್ಚಿಬಿಟ್ಟಳು. ಎಣ್ಣೆ ಹಚ್ಚಿದ ತಲೆ ಅಂದುಕೋ ಎಂದು ಸೆತ್ಸುಕೊ ನಕ್ಕು ತೋರಿಸಿಕೊಟ್ಟಳು. ಆಮೇಲೆ ಚಿಯೊಳ ತಲೆಯೆಲ್ಲ ದಾಕ್ಷಾಯಣಿಯದೇ ಕೈಕೆಲಸ.

ಪತ್ರಿಕೆಯೊಳಗೆ ಒಂದು ಕಾರ್ಡು ಇರುತ್ತಿತ್ತು. ಯಾವ ಕಥೆ ಇಷ್ಟವೆಂದು ಹುಡುಗಿಯರು ಗುರುತು ಹಾಕಿ ಕಳಿಸಬೇಕು. ತಳಕ್ಕಿಳಿದ ಕಥೆಗೆ ಕತ್ತರಿ. ೧೯೭೧ರ ಒಂದು ಸಂಜೆ ಸಂಪಾದಕನ ಫೋನು ಬಂತು.

“ನಿಮ್ಮ ಟ್ರಾಮು ಆ ಬೀದಿಯಲ್ಲಿ ಈಗೆಲ್ಲಿದೆ? ಹಳಿ ಕಿತ್ತು ಎಷ್ಟೋ ಕಾಲವಾಯಿತು. ಬರದ ಟ್ರಾಮಿಗೆ ಈ ಹುಡುಗಿ ಯಾಕೆ ಕಾಯುತ್ತಾಳೆ ಅಂತ ಮಕ್ಕಳು ನಗುತ್ತಿದ್ದಾರೆ.”

ಸೆತ್ಸುಕೊಳ ಮುಖ ಉರಿದುಹೋಯಿತು. ಬಿಟ್ಟು ಬಂದ ಬೀದಿಯನ್ನು ಕಣ್ಮುಚ್ಚಿ ನೆನೆದು ನೆನೆದು ಬರೆಯುತ್ತಿದ್ದಳು. ಬೀದಿ ಅವಳಿಗಾಗಿ ಕಾದು ನಿಂತಿರುತ್ತದೆಯೇ?

“ಅಮೆರಿಕದಲ್ಲಿದ್ದೀರಿ, ಅಮೆರಿಕವನ್ನೇ ಬರೆಯಿರಿ. ಇಲ್ಲಿ ಎಲ್ಲರೂ ಕೇಳುವುದು ಅದನ್ನೇ,” ಎಂದ ಆತ.

ಪಾಪ, ಸೆತ್ಸುಕೊಗೆ ಅಮೆರಿಕ ತೋರಿಸಲೆಂದು ಭೀಮಸೇನ ರಜೆ ಹಾಕಿ ಎಲ್ಲರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟ. ಆಸ್ಟಿನ್ನಿನ ಶಾಸನಸಭೆಯ ಗುಮ್ಮಟ ನೋಡಿದರು, ಉದ್ದ ಕೂದಲಿನ ಕಾಲೇಜು ಹುಡುಗರನ್ನು ನೋಡಿದರು. ಸೆತ್ಸುಕೊಳ ಪೆನ್ಸಿಲ್ ಮಿಸುಕಲಿಲ್ಲ. ಡಾಲಸ್ಸಿನಲ್ಲಿ ಕೈಕಾಲು ತೊಳೆಯಲೆಂದು ಬಸ್ ಸ್ಟ್ಯಾಂಡಿಗೆ ಹೋದಾಗ ಬೆಂಚಿನ ಮೇಲೆ ಒಬ್ಬಳೇ ಕೂತ ಒಂದು ಪುಟ್ಟ ಹುಡುಗಿ ಕಂಡಳು. ಕೋಟಿಗೆ ಹೆಸರಿನ ಚೀಟಿ ಚುಚ್ಚಿದ್ದರು. ಹಿಂದಿನ ಗೋಡೆಯಾಚೆ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಸದ್ದು. ಸೆತ್ಸುಕೊ ನಿಂತಲ್ಲೇ ಬರೆಯತೊಡಗಿದಳು.

ವಾಪಸು ಬರುವಾಗ ದಾರಿಯುದ್ದಕ್ಕೂ ದಾಕ್ಷಾಯಣಿಗೆ ಕಥೆ ಹೇಳಿದಳು. ಚಿಯೊ ಅಮ್ಮನನ್ನು ಹುಡುಕಿಕೊಂಡು ಡಾಲಸ್ಸಿಗೆ ಬಂದು ಆ ಬೆಂಚಿನ ಮೇಲೆ ಕೂರುತ್ತಾಳೆ. ಅಮ್ಮ ಅದೇ ಗೋಡೆಯಾಚೆ ಪಾತ್ರೆ ತೊಳೆಯುತ್ತಿದ್ದಾಳೆ, ಮಗಳಿಗೆ ಗೊತ್ತಿಲ್ಲ. ಒಂದು ತಟ್ಟೆ ಬಿದ್ದು ಒಡೆಯಬೇಕು, ಹುಡುಗಿ ಎದ್ದು ಹೋಗಿ ಇಣುಕಬೇಕು. ಇನ್ನೆರಡು ಸಂಚಿಕೆ ಸಿಕ್ಕರೆ ಆಯಿತು.

ಬೆಂಚಿನ ಸಂಚಿಕೆ ಅಚ್ಚಾಯಿತು. ಹಿಂದೆಯೇ ಫೋನು.

“ಇದೇನಿದು, ಸೇದಿ ಬಿಸಾಡಿದ ಸಿಗರೇಟು, ಎಂಜಲು ತಟ್ಟೆ! ಇದು ಅಮೆರಿಕವೇ ಅಲ್ಲ.”

“ನಾನು ಇಲ್ಲೇ ಇದ್ದೇನೆ. ಕಣ್ಣಾರೆ ನೋಡಿ ಬರೆದದ್ದು.”

“ನಮ್ಮ ಓದುಗರಿಗೆ ಅಮೆರಿಕ ಹೇಗಿದೆ ಅಂತ ಗೊತ್ತು. ಕಾರ್ಡುಗಳಲ್ಲಿ ನಿಮ್ಮದು ತಳದಲ್ಲಿದೆ.”

ಯಾರ ಮುಂದೆಯೂ ಕೈ ಒಡ್ಡದವಳು ಅಂದು ಅಂಗಲಾಚಿದಳು. “ಎರಡೇ ಎರಡು ಸಂಚಿಕೆ ಕೊಡಿ. ತಾಯಿ ಅಲ್ಲೇ ಇದ್ದಾಳೆ, ಗೋಡೆಯ ಆಚೆ. ಮಕ್ಕಳಿಗೆ ಮಾತು ಕೊಟ್ಟಿದ್ದೇನೆ.”

ನೋಡೋಣ ಎಂದ ಆತ. ನೋಡೋಣ ಅಂದರೆ ಏನೆಂದು ಯಾವ ದೇಶದವರಿಗೂ ಬಿಡಿಸಿ ಹೇಳಬೇಕಿಲ್ಲ.

ಮುಂದಿನ ಸಂಚಿಕೆ ಹಡಗಿನಲ್ಲಿ ತೇಲಿಕೊಂಡು ಬರುವ ಹೊತ್ತಿಗೆ ಬೇಸಿಗೆ ಕಳೆದಿತ್ತು. ಕಥೆ ಮುಗಿದಿತ್ತು. ಟೋಕಿಯೊ ಬಿಟ್ಟು ಎಲ್ಲಿಗೂ ಹೋಗದ ಯಾರೋ ಹೊಸಬಳ ಕೈಯಲ್ಲಿ ಮುಗಿಸಿದ್ದರು. ಹಿಮದ ಬೆಟ್ಟ, ಗುಲಾಬಿ ತೋಟ, ಬಿಳಿಯ ಅರಮನೆ. ಮೆಟ್ಟಿಲಿಳಿದು ಬಂದ ಲೇಸಿನ ಫ್ರಾಕಿನ ತಾಯಿ ಚಿಯೊಳನ್ನು ತಬ್ಬಿಕೊಂಡಿದ್ದಳು. ಇದಂತೆ ಟೆಕ್ಸಸ್ಸು! ಮೇಲೆ ಸೆತ್ಸುಕೊಳ ಹೆಸರು ಮಾತ್ರ ಹಾಗೇ ಇತ್ತು.

“ಅಯ್ಯ, ತಾಯಿ ಸಿಕ್ಕಳಲ್ರಿ!” ಎಂದು ದಾಕ್ಷಾಯಣಿ ಚಪ್ಪಾಳೆ ತಟ್ಟಿದಳು. ಆಮೇಲೆ ಪುಟವನ್ನು ಕಣ್ಣ ಹತ್ತಿರ ತಂದಳು. “ಅಕ್ಕಾರ, ಈ ಕೂದಲಾ ನಾ ತುಂಬಿದ್ದು ಅಲ್ಲರಿ.”

“ನಾನು ಬರೆದದ್ದೂ ಅಲ್ಲ.”

“ಹಂಗಾರ ನಮ್ಮ ಹುಡುಗಿ?”

“ಅಲ್ಲೇ ಇದ್ದಾಳೆ. ಡಾಲಸ್ಸಿನ ಬೆಂಚಿನ ಮೇಲೆ.”

ದಾಕ್ಷಾಯಣಿಯ ಕಣ್ಣು ತುಂಬಿತು. “ಅವರವ್ವ ಗ್ವಾಡಿ ಹಿಂದನ ಅದಾಳಲ್ರಿ! ಎದ್ದು ಹೋಗು ಅಂತ ಅಕಿಗೆ ಹೇಳ್ರಿ ಅಕ್ಕಾರ.”

“ಹೇಳೋಕೆ ಪುಟ ಇಲ್ಲ, ದಾಕ್ಷಾಯಣಿ,” ಎಂದಳು ಸೆತ್ಸುಕೊ.