ಮರೆಮ್ಮ ಎರೆದ ನೀರು

ಮಿಷನ್ನಿನ ದಫ್ತರದಲ್ಲಿ ಮರೆಮ್ಮನ ಹೆಸರಿನ ಮುಂದೆ ಒಂದೇ ಸಾಲಿದೆ: ಶಿಸ್ತು ಮೀರಿದ್ದರಿಂದ ಕೆಲಸದಿಂದ ತೆಗೆಯಲಾಗಿದೆ. ಆ ಸಾಲು ಬರೆದವನು ನಾನೇ. ಹದಿನೆಂಟು ವರ್ಷ ಜೇವರ್ಗಿ ಸುತ್ತಿನ ಹಳ್ಳಿಗಳನ್ನು ಬರಿಗಾಲಲ್ಲಿ ತಿರುಗಿದ ಹೆಂಗಸಿಗೆ ನಾವು ಕೊಟ್ಟ ಮರ್ಯಾದೆ ಅಷ್ಟು. ಉಳಿದದ್ದನ್ನೂ ಈಗ ನಾನೇ ಬರೆಯಬೇಕಾಗಿದೆ.

ನಾನು ಅಮೃತ, ಆಗ ಕೊಳಕೂರಿನ ಮಿಷನ್ ಶಾಲೆಯ ಮಾಸ್ತರ. ಮರೆಮ್ಮನದು ಮನೆಮನೆಗೆ ಹೋಗಿ ಹೆಂಗಸರಿಗೆ ಯೇಸುವಿನ ಕಥೆ ಹೇಳುವ ಕೆಲಸ. ನಾವಿಬ್ಬರೂ ಕೇರಿಯಲ್ಲಿ ಹುಟ್ಟಿದವರು. ಮರೆಮ್ಮನ ಅಪ್ಪ ಭೀಮಶಾ ಮಾದನಹಿಪ್ಪರಗಾದಲ್ಲಿ ಊರವರ ಸತ್ತ ದನ ಹೊರುತ್ತಿದ್ದ. ಮಗಳು ಮಿಷನ್ ಬೋರ್ಡಿಂಗಿನಲ್ಲಿ ಕನ್ನಡ, ಉರ್ದು ಕಲಿತು, ಇಂಗ್ಲಿಷನ್ನೂ ತಕ್ಕಮಟ್ಟಿಗೆ ಓದುವಷ್ಟಾದಳು. ಮದುವೆಯಾದ ವರ್ಷಕ್ಕೇ ಗಂಡ ತೀರಿಕೊಂಡ. ಬಾಯಿ ಬಲು ಜೋರು. ಪಾದ್ರಿ ಸಾಹೇಬರ ಎದುರಿಗೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮಾತಾಡುತ್ತಿದ್ದಳು.

ಮೂವತ್ತೊಂದನೇ ಇಸವಿಯಲ್ಲಿ ವಯಸ್ಸಾದ ಒಬ್ಬ ಇಂಗ್ಲಿಷ್ ಮಿಸ್ಸಮ್ಮ ನಮ್ಮ ಕಡೆ ಬಂದರು. ಬೈಬಲ್ಲಿಗೆ ಸೇರದೆ ಹೊರಗುಳಿದ ಹಳೆಯ ಬರಹಗಳನ್ನು ಓದುವುದರಲ್ಲೇ ಅವರ ಆಯುಷ್ಯ ಸವೆದಿತ್ತು: ಯೆಹೂದ್ಯರು ಬರೆದವು, ಮೊದಲ ಕಾಲದ ಕ್ರೈಸ್ತರು ಬರೆದವು, ಒಂದು ದೊಡ್ಡ ಪೆಟ್ಟಿಗೆ ತುಂಬ. ಕಣ್ಣಿಗೆ ಪೊರೆ ಬಂದಿದ್ದರಿಂದ ಓದಿ ಹೇಳುವವರು ಬೇಕಾಗಿದ್ದರು. ಮರೆಮ್ಮ ತಡವರಿಸುತ್ತ ಇಂಗ್ಲಿಷ್ ಓದುವಳು, ಮಿಸ್ಸಮ್ಮ ತಮ್ಮ ಹರುಕುಮುರುಕು ಕನ್ನಡದಲ್ಲಿ ಅರ್ಥ ಬಿಡಿಸುವರು, ಮರೆಮ್ಮ ಅದನ್ನು ನಮ್ಮ ಕನ್ನಡಕ್ಕೆ ತಂದು ನೋಟ್‌ಬುಕ್ಕಿನಲ್ಲಿ ಬರೆಯುವಳು. ನನ್ನ ಅಕ್ಷರ ದುಂಡಗಿದೆಯೆಂದು ಶುದ್ಧಪ್ರತಿ ಮಾಡುವ ಕೆಲಸ ನನಗೆ ಬಂತು. ಹೀಗೆ ಆರು ಚಳಿಗಾಲ ನಡೆಯಿತು.

ಅದು ಬರೀ ಕಥೆ ಕೇಳುವ ಹುಚ್ಚಾಗಿರಲಿಲ್ಲ. ಇದನ್ನು ಯಾರು ಬರೆದರು, ಯಾವಾಗ ಬರೆದರು, ಯಾಕೆ ಹೊರಗಿಟ್ಟರು ಎಂದು ಮರೆಮ್ಮ ಒಂದೊಂದಕ್ಕೂ ಬೆನ್ನು ಹತ್ತಿ ಕೇಳುತ್ತಿದ್ದಳು. ಪರದೇಶದ ಪಟ್ಟಣದಲ್ಲಿ ರಾಜನ ಸಿಟ್ಟಿಗೂ ಹೆದರದೆ, ಬೀದಿಯಲ್ಲಿ ಬಿದ್ದ ತನ್ನವರ ಹೆಣಗಳನ್ನು ಹೊತ್ತು ಹೂಳುತ್ತಿದ್ದ ಮುದುಕನೊಬ್ಬನ ಕಥೆ ಬಂದ ದಿನ ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿ, "ಹೆಣ ಹೊತ್ತಾನಂತ ಇವನ್ನೂ ಊರ ಹೊರಗ ಇಟ್ರೇನ್ರಿ ಮಾಸ್ತರ?" ಅಂದಳು. ಮಿಸ್ಸಮ್ಮನಿಗೆ ನಾನು ಅದನ್ನು ಬಿಡಿಸಿ ಹೇಳಿದೆ. ಅವರು ನಗುನಗುತ್ತಲೇ ಕಣ್ಣೊರೆಸಿಕೊಂಡರು.

ಇನ್ನೊಂದು ಕಥೆ ಒಬ್ಬ ಹುಡುಗಿಯದು. ಕಿಟಕಿಯ ಬಳಿ ಕುಳಿತು ಯೇಸುವಿನ ಸುದ್ದಿ ಸಾರುತ್ತಿದ್ದ ಅಪೊಸ್ತಲನ ಬೋಧನೆ ಕೇಳಿ, ಗೊತ್ತಾದ ಮದುವೆಯನ್ನು ಬಿಟ್ಟು ಆತನ ಹಿಂದೆ ಹೋದಳು. ನನಗೂ ನೀರು ಹಾಕಿ ಕ್ರೈಸ್ತಳಾಗುವ ದೀಕ್ಷಾಸ್ನಾನ ಕೊಡು ಎಂದರೆ ಆತ, ತಾಳ್ಮೆಯಿಂದಿರು, ಆಗುತ್ತದೆ ಅಂದ. ಕೊನೆಗೆ ಅವಳನ್ನು ಮೃಗಗಳ ಬಾಯಿಗೆ ಹಾಕಿದಾಗ ಅಲ್ಲಿದ್ದ ನೀರಿನ ಹೊಂಡಕ್ಕೆ ತಾನೇ ಧುಮುಕಿ, ಇದೇ ನನ್ನ ದೀಕ್ಷಾಸ್ನಾನ ಎಂದಳು. ಇದನ್ನು ಬರೆದ ಸಭೆಯ ಹಿರಿಯ, ಅಪೊಸ್ತಲನ ಮೇಲಿನ ಪ್ರೀತಿಯಿಂದ ನಾನೇ ಕಟ್ಟಿ ಬರೆದೆ ಎಂದು ಒಪ್ಪಿಕೊಂಡರೂ ಅವನ ಹುದ್ದೆ ಹೋಯಿತಂತೆ. ಇವೆಲ್ಲ ಅಭ್ಯಾಸಕ್ಕೆ, ಬೋಧನೆಗಲ್ಲ ಎಂದು ಮಿಸ್ಸಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು. ಮರೆಮ್ಮ ಆ ಗೆರೆ ದಾಟಿದವಳಲ್ಲ. ಯಾವ ಹಳ್ಳಿಯ ಕಟ್ಟೆಯ ಮೇಲೂ ಆ ಕಥೆ ಹೇಳಲಿಲ್ಲ. ಮಿಸ್ಸಮ್ಮ ತಮ್ಮ ದೇಶಕ್ಕೆ ಹೋಗಿ ತೀರಿಕೊಂಡ ಮೇಲೆ ನನ್ನ ಶುದ್ಧಪ್ರತಿಯ ನೋಟ್‌ಬುಕ್ಕು ಅವಳ ಟ್ರಂಕಿನಲ್ಲೇ ಉಳಿಯಿತು.

ಈಗ ಶಿವಕಾಂತಾಳ ವಿಷಯ. ಕೊಳಕೂರಿನ ಕೇರಿಯ ಹೆಣ್ಣುಮಗಳು. ಅವಳ ಗಂಡ ಕೂಸಿನ ಸಮೇತ ಕ್ರೈಸ್ತನಾಗಿದ್ದ. ಆ ಅಪ್ಪ, ಕೂಸು ಇಬ್ಬರೂ ಒಂದೇ ಜ್ವರದಲ್ಲಿ ಹೋದರು. ಶಾಲೆಯ ಹಿಂದಿನ ಮಿಷನ್ ಜಾಗದಲ್ಲಿ ಅವರನ್ನು ಮಣ್ಣು ಮಾಡಿದೆವು. ಇವಳಿಗೆ ಮಾತ್ರ ದೀಕ್ಷಾಸ್ನಾನ ಆಗಿರಲಿಲ್ಲ, ಯಾಕೆಂದರೆ ಅದಕ್ಕೆ ಮೊದಲು ಒಪ್ಪಿಸಬೇಕಾದ ಧರ್ಮದ ಪ್ರಶ್ನೋತ್ತರ ಬಾಯಿಪಾಠ ಬರುತ್ತಿರಲಿಲ್ಲ. ಎರಡು ಸಲ ಪಾದ್ರಿ ಸಾಹೇಬರ ಮುಂದೆ ನಿಂತು ನಡುವೆಯೇ ತೊದಲಿ ಅತ್ತಿದ್ದಳು. ಕಲಿತು ಬಾ, ಅವಸರವಿಲ್ಲ ಎಂದು ಅವರು ಕಳಿಸಿದ್ದರು. ಅವರಿಗೇನು ಅವಸರ! ಅವಳಿಗೆ ಬೇಕಾಗಿದ್ದದ್ದು ಸತ್ತ ಮೇಲೆ ಕೂಸಿನ ಬಾಜೂಕ ಮಲಗುವುದು, ಅದೊಂದೇ. ದೀಕ್ಷಾಸ್ನಾನ ಆಗದವರಿಗೆ ಮಿಷನ್ ಜಾಗದಲ್ಲಿ ಮಣ್ಣಿರಲಿಲ್ಲ.

ಮೂವತ್ತೆಂಟರ ಮಳೆಗಾಲದಲ್ಲಿ ಊರಿಗೆ ವಾಂತಿಭೇದಿ ಬಂತು. ಶಿವಕಾಂತಾ ಒಂದು ಬೆಳಗಿನಲ್ಲಿ ಹಿಂಡಿಹೋದಳು. ಪಾದ್ರಿ ಸಾಹೇಬರು ಆಳಂದದಲ್ಲಿದ್ದರು, ನಡುವೆ ಭೀಮಾ ನದಿ ದಂಡೆ ಮೀರಿ ಹರಿಯುತ್ತಿತ್ತು. ಅವಳ ತಾಯಿ ಗಂಗುಬಾಯಿ ಹಕೀಮರ ಔಷಧಿ ತರಲು ಹೋಗಿದ್ದಳು. ಗುಡಿಸಲೊಳಗೆ ಇದ್ದವರು ಮರೆಮ್ಮ ಮತ್ತು ನಾನು. ನನಗೆ ನೀರು ಹಾಕಿ ಎಂದು ಶಿವಕಾಂತಾ ಮರೆಮ್ಮನ ಕೈ ಹಿಡಿದಳು. ಆಮೇಲೆ ಬಾಗಿಲ ಕಡೆ ಸರಿಯುತ್ತಿದ್ದ ನನ್ನನ್ನು ನೋಡಿದಳು.

"ಮಾಸ್ತರ, ಹೋಗಬ್ಯಾಡ್ರಿ. ನಾಳಿಗಿ ಯಾರರೆ ಸುಳ್ಳಂದ್ರ ನೀವು ಹೇಳ್ರಿ."

ಹೇಳುತ್ತೇನೆ ಅಂದೆ. ಮರೆಮ್ಮ ತಂಬಿಗೆಯಿಂದ ಮೂರು ಸಲ ಅವಳ ನೆತ್ತಿಗೆ ನೀರೆರೆದು, ತಂದೆ, ಮಗ, ಪವಿತ್ರಾತ್ಮದ ಹೆಸರು ಹೇಳಿದಳು. ಶಿವಕಾಂತಾ ನನ್ನನ್ನೇ ನೋಡುತ್ತ ಮಲಗಿದ್ದಳು. ಮಧ್ಯಾಹ್ನದೊಳಗೆ ಜೀವ ಹೋಯಿತು.

ಮರೆಮ್ಮ ನೀರು ಹಾಕಿದ ಸುದ್ದಿ ಅಷ್ಟರಲ್ಲೇ ಕೇರಿ ತುಂಬಿತ್ತು. ಹೆಣವನ್ನು ಹೊರಗೆ ತಂದಿಟ್ಟು ಗಂಗುಬಾಯಿ ಹಿರಿಯರೆದುರು ನನ್ನ ಮುಂದೆ ನಿಂತಳು. "ಮಾಸ್ತರ, ನೀವ ಹೇಳ್ರಿ. ಈಕಿಗಿ ನೀರು ಹಾಕ್ಯಾರೋ ಇಲ್ಲೋ? ಹಾಕಿದ್ರ ಕೂಸಿನ ಬಾಜೂಕ ಒಯ್ರಿ, ನಾ ಬ್ಯಾಡ ಅನ್ನಂಗಿಲ್ಲ. ಇಲ್ಲಂದ್ರ ನಮ್ಮ ಮಣ್ಣಿಗಿ ನಾವು ಒಯ್ತೀವಿ."

ಹೌದು ಎನ್ನಲು ಎಷ್ಟು ಹೊತ್ತು ಬೇಕು? ನನ್ನ ತಲೆಯಲ್ಲಿ ಪಾದ್ರಿ ಸಾಹೇಬರ ಮುಖ ಬಂತು. ಅಪ್ಪಣೆಯಿಲ್ಲದೆ ನೀರು ಹಾಕಿದ್ದಕ್ಕೆ ಮರೆಮ್ಮ, ನಿಂತು ನೋಡಿದ್ದಕ್ಕೆ ನಾನು, ಇಬ್ಬರೂ ಹೊರಗೆ ಬೀಳುತ್ತಿದ್ದೆವು. ಆ ವರ್ಷ ನನ್ನನ್ನು ಪಾದ್ರಿಯ ಕೆಳಗೆ ಸಭೆ ನಡೆಸುವ ಉಪದೇಶಿ ಮಾಡುವ ಮಾತು ನಡೆದಿತ್ತು. ಥೂ, ಅದೊಂದು ಹುದ್ದೆ!

"ನಾ ಹೊರಗ ಇದ್ದೆರಿ. ಏನೂ ನೋಡಿಲ್ಲ," ಅಂದೆ.

ಮರೆಮ್ಮ ಎಲ್ಲರೆದುರು ನಾನು ಹಾಕಿದ್ದೇನೆ ಎಂದು ಕೂಗಿ ಹೇಳಿದಳು. ಅವಳ ಮಾತು ಒಂದೇ, ಅದಕ್ಕೆ ಸಾಕ್ಷಿಯಿಲ್ಲ. ಕೇರಿಯವರು ಶಿವಕಾಂತಾಳಿಗೆ ವಿಭೂತಿ ಹಚ್ಚಿ, ಊರಾಚೆ ಹಳ್ಳದ ದಂಡೆಗೆ ಒಯ್ದರು. ಮಿಷನ್ ಜಾಗದ ಬೇಲಿಯ ಪಕ್ಕದಲ್ಲೇ ಹೆಣ ಹಾದುಹೋಯಿತು. ಮರೆಮ್ಮ ಆ ಬೇಲಿ ಹಿಡಿದು ಕುಳಿತಳು.

ನೆರೆ ಇಳಿದ ಮೇಲೆ ಪಾದ್ರಿ ಸಾಹೇಬರು ಬಂದು ವಿಚಾರಣೆ ನಡೆಸಿದರು. ಟ್ರಂಕಿನಿಂದ ನೋಟ್‌ಬುಕ್ಕು ಹೊರಗೆ ಬಂತು. ಈ ಸುಳ್ಳು ಶಾಸ್ತ್ರಗಳು ತಲೆಗೆ ಹೊಕ್ಕು ಹೆಂಗಸು ಪಾದ್ರಿಯಾಗಲು ಹೊರಟಿದ್ದಾಳೆ ಎಂದು ಅವರು ತೀರ್ಮಾನಿಸಿದರು. ಅಕ್ಷರ ಯಾರದು ಎಂದು ಕೇಳಿದಾಗ, ಅವಳು ಹೇಳಿದ್ದನ್ನು ನಾನು ಬರೆದೆನಷ್ಟೆ, ಒಳಗೇನಿದೆಯೋ ನನಗೆ ತಿಳಿಯದು ಅಂದುಬಿಟ್ಟೆ. ಆರು ಚಳಿಗಾಲದ ಓದನ್ನು ಒಂದೇ ಉಸಿರಿಗೆ ಒಗೆದುಬಿಟ್ಟೆ.

ಮರೆಮ್ಮ ನನ್ನ ಕಡೆ ನೋಡಲಿಲ್ಲ. "ಅದು ವೇದವಾಕ್ಯ ಅಲ್ಲಂತ ನನಗ ಗೊತ್ತದರಿ ಸಾಹೇಬ್ರ. ಖರೆ, ಸಾಯೋ ಹೆಂಗಸಿಗಿ ತಾಳ್ಮಿ ಹಿಡಿ ಅನ್ನಾಕ ನನಗ ಬಾಯಿ ಬರಲಿಲ್ಲ," ಅಂದಳು. ನೀರು ಹಾಕಿದೆ ಎಂದದ್ದು ಸುಳ್ಳೆಂದು ಒಪ್ಪಿಕೊಂಡರೆ ಕೆಲಸ ಉಳಿಯುತ್ತದೆ ಎಂದು ಪಾದ್ರಿ ಸಾಹೇಬರು ಹೇಳಿದರು. ಒಪ್ಪಲಿಲ್ಲ. ನಾನು ಉಪದೇಶಿಯಾದೆ.

ಅವಳು ಅಫಜಲಪುರಕ್ಕೆ ಅಕ್ಕ ಮಾಣಿಕಮ್ಮನ ಮನೆಗೆ ಹೋಗಿ ಶೇಂಗಾದ ಹೊಲಗಳಲ್ಲಿ ಕೂಲಿ ಮಾಡಿದಳು. ಅಲ್ಲಿನ ಪ್ರಾರ್ಥನೆಯ ಕೂಟಕ್ಕೂ ಅವಳನ್ನು ಸೇರಿಸಿಕೊಳ್ಳಲಿಲ್ಲ. ನಲವತ್ತಾರರಲ್ಲಿ, ಅವಳು ಕಾಯಿಲೆ ಬಿದ್ದು ಎದ್ದಿಲ್ಲ ಎಂದು ಕೇಳಿ ಮಾಫಿ ಕೇಳಲು ಹೋದೆ. ಎಂಟು ವರ್ಷ ತಡೆದು ಹೋದ ಗಂಡಸು ನಾನು. ಮುಖ ಬತ್ತಿತ್ತು, ಕಣ್ಣು ಮಾತ್ರ ಹಾಗೇ ಇದ್ದವು. ಕುಡಿಯಲು ನೀರು ಕೊಡಿಸಿದಳು. ನಿನ್ನ ಅನ್ನ ಕಸಿದೆ, ಕ್ಷಮಿಸು ಅಂದೆ.

"ಅನ್ನದ್ದೇನ್ ಬಿಡ್ರಿ, ರಟ್ಟಿ ಗಟ್ಟಿ ಇದ್ದವು, ದುಡಕೊಂಡ ತಿಂದೆ," ಅಂದಳು. ಆಮೇಲೆ ಮತ್ತೆ ಹೇಳಿದಳು. "ಆಕಿ ಜೀವ ಹೋಗೂತನಕ ನಿಮ್ಮನ್ನ ನೋಡಾಕತ್ತಿದ್ಲು, ನೀವದೀರಿ ಅಂತ. ನೀವು, ‘ನಾ ಒಳಗ ಇರಲಿಲ್ಲ’ ಅಂದ್ರಿ. ಅದನ್ನ ನಾ ಹ್ಯಾಂಗ ಮಾಫ್ ಮಾಡ್ಲಿ? ಅದು ನಂದಲ್ಲ."

ಆ ವಾರವೇ ಮರೆಮ್ಮ ಹೋದಳು. ಕೊಳಕೂರಿನ ಮಿಷನ್ ಜಾಗದಲ್ಲಿ ಅಪ್ಪನ ಪಕ್ಕ ಕೂಸು ಮಲಗಿದೆ, ಕೂಸಿನ ಇನ್ನೊಂದು ಪಕ್ಕ ಇವತ್ತಿಗೂ ಖಾಲಿ. ಗಂಗುಬಾಯಿ ಬದುಕಿದ್ದಾಳೆ, ನಾಳೆ ಅವಳ ಮುಂದೆ ನಿಂತು, ನಾನು ಒಳಗೇ ಇದ್ದೆ, ಮೂರು ಸಲ ನೀರು ಬಿದ್ದದ್ದನ್ನು ಕಂಡೆ ಎಂದು ಹೇಳಬೇಕೆಂದಿದ್ದೇನೆ. ಹಾಗಿದ್ದರೆ ನನ್ನ ಮಗಳನ್ನು ಈಗ ಎಲ್ಲಿಂದ ತರುತ್ತೀರಿ ಎಂದು ಅವಳು ಕೇಳುತ್ತಾಳೆ. ಹಳ್ಳದ ದಂಡೆ ಎಷ್ಟೋ ನೆರೆಗೆ ಕೊಚ್ಚಿಹೋಗಿದೆ, ಆ ಗುಂಡಿ ಯಾವುದೆಂದು ಯಾರಿಗೂ ಗೊತ್ತಿಲ್ಲ.